ಗಲ್ಲಾದಲ್ಲಿ ಕುಳಿತವನ ಕಣ್ಣು

ಊರು ಬಿಟ್ಟು ಬಂದ ನಮ್ಮ ಹೋಟೆಲು ಬಾಂಧವರಲ್ಲಿ ಕಣ್ಣಿನ ಯಾವ ಬೇನೆಗಾದರೂ ಎರಡೇ ಕಾರಣಗಳನ್ನು ಹೇಳುವ ವಾಡಿಕೆಯಿದೆ: ಒಂದು ಒಲೆಯ ಹೊಗೆ, ಇನ್ನೊಂದು ಮೈಯ ಉಷ್ಣ. ಮೊದಲನೆಯದಕ್ಕೆ ತಣ್ಣೀರು, ಎರಡನೆಯದಕ್ಕೆ ನೆತ್ತಿಗೆ ಹರಳೆಣ್ಣೆ. ಇವೆರಡರಿಂದಲೂ ಗುಣವಾಗದ ಒಂದು ಬೇನೆಯ ವಿಷಯವಾಗಿ ವಾಚಕರಲ್ಲಿ ನಾಲ್ಕು ಮಾತುಗಳನ್ನು ನಿವೇದಿಸಬೇಕೆಂದಿದ್ದೇವೆ. ಇದರಲ್ಲಿ ನಮ್ಮದೇ ಒಂದು ತಪ್ಪೊಪ್ಪಿಗೆಯೂ ಸೇರಿದೆ.

ನಾವು ಲೇಖನಿ ಹಿಡಿಯುವ ಮೊದಲು, ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ಗಲ್ಲಾದಲ್ಲಿ ಕುಳಿತಿರುತ್ತಿದ್ದವನು ನಮ್ಮ ಊರ ಕಡೆಯ ಒಬ್ಬ ಸಾಧು ಸ್ವಭಾವದ ತರುಣ. ಕೆಲವೇ ತಿಂಗಳುಗಳಲ್ಲಿ ಆತನ ಮೈ ಇಳಿಯಿತು, ಕೈ ನಡುಗತೊಡಗಿತು, ಕಣ್ಣುಗುಡ್ಡೆಗಳು ಮುಂದಕ್ಕೆ ಬಂದವು. “ನಿಮ್ಮ ಗಲ್ಲಾದವನು ದುರುಗುಟ್ಟಿ ನೋಡುತ್ತಾನೆ” ಎಂದು ಗಿರಾಕಿಗಳು ದೂರಿದರು. ರಾತ್ರಿಯ ಲೆಕ್ಕದಲ್ಲಿಯೂ ತಪ್ಪು ಬೀಳತೊಡಗಿತು. “ಧಣಿಗಳೇ, ನಾನು ಯಾರನ್ನೂ ಹಾಗೆ ನೋಡುವುದಿಲ್ಲ, ರೆಪ್ಪೆ ಸರಿಯಾಗಿ ಮುಚ್ಚಲಿಕ್ಕೇ ಬರುವುದಿಲ್ಲ. ಒಂದು ನೋಟು ಎರಡಾಗಿ ಕಾಣುತ್ತದೆ” ಎಂದು ಅವನು ಹೇಳಿದಾಗ, ನಾವು ಅದನ್ನು ನೆಪವೆಂದು ತಿಳಿದು ಅವನನ್ನು ಉಗ್ರಾಣದ ಕೆಲಸಕ್ಕೆ ಹಾಕಿದೆವು. ಅವನು ದೊಡ್ಡಾಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಎಂಟು ತಿಂಗಳ ಮೇಲೆ. ಅಷ್ಟರಲ್ಲಿ ಒಂದು ಕಣ್ಣಿನ ದೃಷ್ಟಿ ಬಹುಪಾಲು ಹೋಗಿತ್ತು.

ಅವನಿಗೆ ಬಂದುದು ಥೈರಾಯ್ಡ್ ಕಣ್ಣಿನ ರೋಗ. ಗಂಟಲಿನ ಗ್ರಂಥಿ ಊದಿಕೊಂಡು, ಎದೆ ಡವಗುಟ್ಟಿ, ಕಣ್ಣು ಹೊರಚಾಚುವ ಈ ವ್ಯಾಧಿಯನ್ನು 1835ರಲ್ಲಿ ಐರ್ಲೆಂಡಿನ ವೈದ್ಯ ಗ್ರೇವ್ಸ್, 1840ರಲ್ಲಿ ಜರ್ಮನಿಯ ಬಾಸೆಡೋ ವಿವರಿಸಿದರು. ಹೊರಗಿನ ರೋಗಾಣುಗಳನ್ನು ತಡೆಯಬೇಕಾದ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ, ಕಾವಲುಗಾರನು ಮನೆಯವರನ್ನೇ ಬಡಿದಂತೆ, ಥೈರಾಯ್ಡ್ ಗ್ರಂಥಿಯ ಮೇಲೂ ಕಣ್ಣಿನ ಹಿಂದಣ ಸ್ನಾಯು ಮತ್ತು ಕೊಬ್ಬಿನ ಮೇಲೂ ಎರಗುತ್ತದೆ. ಅವು ಊದುತ್ತವೆ. ಕಣ್ಣಿನ ಗೂಡಾದರೋ ಎಲುಬಿನದು, ಹಿಗ್ಗಲಾರದು. ಹುದುಗಿದ ಇಡ್ಲಿ ಹಿಟ್ಟು ಪಾತ್ರೆಯ ಮುಚ್ಚಳವನ್ನು ಎತ್ತುವಂತೆ ಆ ಊತವು ಕಣ್ಣುಗುಡ್ಡೆಯನ್ನು ಮುಂದಕ್ಕೆ ತಳ್ಳುತ್ತದೆ. ರೆಪ್ಪೆ ಮೇಲಕ್ಕೆ ಸರಿದು ಬಿಳಿಭಾಗ ಕಾಣುವುದರಿಂದ ಶಾಂತನೂ ಕೋಪಿಷ್ಠನಂತೆ ತೋರುತ್ತಾನೆ. ಸ್ನಾಯುಗಳು ಬಿಗಿದಾಗ ಒಂದು ವಸ್ತು ಎರಡಾಗುತ್ತದೆ. ದೃಷ್ಟಿಯ ನರವೇ ಅದುಮಿದರೆ ಬಣ್ಣಗಳು ಮಾಸುತ್ತವೆ, ನೋಟ ಮಂಕಾಗುತ್ತದೆ. ಅಂಥವನು ಒಂದು ದಿನವನ್ನೂ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು.

ಈ ರೋಗವು ಹೆಂಗಸರಲ್ಲಿ ಹೆಚ್ಚು. ಗಂಡಸರಿಗೆ ಬಂದಾಗ ಉಗ್ರವಾಗುವ ಸಂಭವ ಹೆಚ್ಚು. ಇದನ್ನು ಕೆರಳಿಸುವುದರಲ್ಲಿ ಬೀಡಿ ಸಿಗರೇಟುಗಳ ಪಾತ್ರ ನಿಸ್ಸಂದೇಹವಾದುದು. ಸೇದುವವನಿಗೆ ರೋಗ ಬರುವ ಭಯವೂ ಹೆಚ್ಚು, ಬಂದ ಮೇಲೆ ಔಷಧ ನಾಟುವುದೂ ಕಡಿಮೆ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ನಿಷೇಧವಿದೆ. ಆದರೆ ಅಡಿಗೆಮನೆಯ ಹಿಂಬಾಗಿಲಿನ ಬೀಡಿ ಇನ್ನೂ ಆರಿಲ್ಲವೆಂಬುದನ್ನು ಹೋಟೆಲು ನಡೆಸಿದ ನಮಗೆ ಯಾರೂ ಹೇಳಬೇಕಾಗಿಲ್ಲ.

ಚಿಕಿತ್ಸೆಯಿಲ್ಲವೆಂದು ಎದೆಗುಂದಬೇಕಾಗಿಲ್ಲ. ಗ್ರಂಥಿಯನ್ನು ಹತೋಟಿಗೆ ತರುವ ಗುಳಿಗೆಗಳಿವೆ. ಊತ ಏರುತ್ತಿರುವಾಗ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಡುತ್ತಾರೆ. ನರ ಅದುಮಿದ್ದರೆ ಎಲುಬಿನ ಗೂಡನ್ನು ಶಸ್ತ್ರಚಿಕಿತ್ಸೆಯಿಂದ ಅಗಲಿಸುತ್ತಾರೆ. 2020ರಲ್ಲಿ ಅಮೆರಿಕದಲ್ಲಿ ಟೆಪ್ರೊಟುಮುಮಾಬ್ ಎಂಬ ಹೊಸ ಔಷಧಕ್ಕೆ ಮನ್ನಣೆ ದೊರೆಯಿತು. ಅದರ ಬೆಲೆ ಮಾತ್ರ ಸಿರಿವಂತನನ್ನೂ ಬೆಚ್ಚಿಬೀಳಿಸುವಂತಹುದು. ಗ್ರಂಥಿಗೆ ವಿಕಿರಣದ ಅಯೋಡಿನ್ ಕೊಡುವ ಮಾತು ಬಂದರೆ, ಕಣ್ಣಿನ ತೊಂದರೆಯನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಅದರಿಂದ ಕಣ್ಣು ಉಲ್ಬಣಿಸುವುದುಂಟು. ರೋಗದ ಉರಿ ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ಆರುತ್ತದೆ. ಆ ಅವಧಿಯಲ್ಲಿ ಕಣ್ಣನ್ನು ಕಾಪಾಡಿಕೊಳ್ಳುವುದೇ ಮುಖ್ಯ.

ಅದಕ್ಕೆ ಬೇಕಾದುದು ಸಕಾಲದಲ್ಲಿ ಒಂದು ರಕ್ತಪರೀಕ್ಷೆ, ಕಣ್ಣಿನ ವೈದ್ಯರ ಒಂದು ತಪಾಸಣೆ ಮತ್ತು ರಜೆ. ಮೊದಲಿನ ಎರಡು ಸರಕಾರಿ ದೊಡ್ಡಾಸ್ಪತ್ರೆಯಲ್ಲಿ ದೊರೆಯುತ್ತವೆ. ಮೂರನೆಯದು ಧಣಿಯ ಕೈಯಲ್ಲಿದೆ. ಇ.ಎಸ್.ಐ.ಗೆ ಸೇರಿ ನಿಯಮದಂತೆ ವಂತಿಗೆ ಸಂದಿರುವ ಕೆಲಸಗಾರನಿಗೆ, ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ 91 ದಿನಗಳ ತನಕ ಸಂಬಳದ ನೂರಕ್ಕೆ 70ರಷ್ಟು ದೊರೆಯುವ ಏರ್ಪಾಡಿದೆ. ಈ ವಂತಿಗೆಯನ್ನು ಉಳಿಸಲು ಕೆಲಸಗಾರರ ಹೆಸರನ್ನೇ ಪುಸ್ತಕದಲ್ಲಿ ಬರೆಯದ ಮಾಲಿಕರು ತಾವು ಉಳಿಸಿದ್ದೇನೆಂಬುದನ್ನು ಯೋಚಿಸಲಿ.

ಕೆಲಸಗಾರ ಬಂಧುಗಳಲ್ಲಿಯೂ ಒಂದು ವಿನಂತಿ. ಬೆಳಿಗ್ಗೆ ರೆಪ್ಪೆಗಳು ಊದಿ, ಕಣ್ಣು ಕೆಂಪಾಗಿ ನೀರು ಸುರಿಯುತ್ತ, ಅದರೊಡನೆ ಮೈ ಇಳಿಯುತ್ತಿದ್ದರೆ ಅದನ್ನು ಹೊಗೆಯ ತಲೆಗೆ ಕಟ್ಟಬೇಡಿ. ಅಂಗಡಿಯಿಂದ ತಂದ ಕಣ್ಣಿನ ಹನಿಯಲ್ಲಿ ದಿನ ಕಳೆಯಬೇಡಿ. ಕೆಲಸ ಹೋದೀತೆಂದು ಮುಚ್ಚಿಡಲೂ ಬೇಡಿ.

ನಮ್ಮ ಆ ತರುಣನು ಈಗ ಊರಿನಲ್ಲಿದ್ದಾನೆ. ನಮ್ಮ ಮೇಲೆ ಅವನಿಗೆ ಸಿಟ್ಟಿಲ್ಲವೆಂದು ಕೇಳಿದ್ದೇವೆ. ಆದರೆ ಅವನು ಹೇಳಿದ ದಿನವೇ ನಂಬಿ ಆಸ್ಪತ್ರೆಗೆ ಕಳುಹಿಸಿದ್ದರೆ ನಮಗೆ ನಷ್ಟವಾಗುತ್ತಿದ್ದುದು ಎರಡು ದಿನಗಳ ಕೆಲಸ ಮಾತ್ರ.