ಹೊಲಿಗೆ ಯಂತ್ರದ ಪಕ್ಕದಲ್ಲಿ ಪಾಠ

ಕೌಲು ಎಂದರೆ ಕರಾರು, ಒಪ್ಪಂದ. ಬಳ್ಳಾರಿಯ ಕೌಲ್ ಬಜಾರ್ ಈ ಹಳೆಯ ಮಾತನ್ನು ತನ್ನ ಹೆಸರಿನಲ್ಲೇ ಉಳಿಸಿಕೊಂಡಿದೆ. 1800ರಲ್ಲಿ ಬಳ್ಳಾರಿ ಸೀಮೆ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು; ಇಲ್ಲಿ ದಂಡು ಬೀಡುಬಿಟ್ಟಿತು. ದಂಡೆಂದರೆ ಸಿಪಾಯಿಗಳಷ್ಟೇ ಅಲ್ಲ. ಅವರಿಗೆ ದಿನಸಿ ಒದಗಿಸುವವರು ಬೇಕು, ಬಟ್ಟೆ ಹೊಲಿಯುವವರು ಬೇಕು. ದಂಡಿನ ಬಗಲಿಗೆ ಹೀಗೆ ಪೇಟೆ ಬೆಳೆಯಿತು. ಬ್ರಿಟಿಷರ ದಂಡು ಹೋಯಿತು, ಸೂಜಿ ಉಳಿಯಿತು. ಸಮವಸ್ತ್ರ ಹೊಲಿಯುತ್ತಿದ್ದ ಊರು ಮುಂದೆ ಪ್ಯಾಂಟು ಹೊಲಿಯಿತು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಜೀನ್ಸ್ ಹೊಲಿಯತೊಡಗಿತು.

ಜೀನ್ಸ್‌ಗೂ ದರ್ಜಿಗೂ ಮೊದಲಿನಿಂದಲೇ ನಂಟು. ದುಡಿಯುವವರ ಪ್ಯಾಂಟಿನ ಜೇಬು ಹರಿಯದಂತೆ ತಾಮ್ರದ ರಿವೆಟ್ ಬಡಿಯುವ ಉಪಾಯ ಹೂಡಿದವನು ಅಮೆರಿಕದ ದರ್ಜಿ ಜೇಕಬ್ ಡೇವಿಸ್. ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆಗೂಡಿ 1873ರಲ್ಲಿ ಅವನು ಅದಕ್ಕೆ ಪೇಟೆಂಟ್ ಪಡೆದ. ಡೆನಿಮ್ ಬಟ್ಟೆಯಲ್ಲಿ ಹಾಸಿನ ನೂಲು ನೀಲಿ, ಹೊಕ್ಕಿನ ನೂಲು ಬಿಳಿ. ನೀಲಿ ಬಣ್ಣ ನೂಲಿನ ತಿರುಳಿಗೆ ಇಳಿಯದೆ ಹೊರಮೈಗೆ ಅಂಟಿರುವುದರಿಂದಲೇ ಒಗೆದಂತೆಲ್ಲ ಮಾಸುತ್ತದೆ. ಆ ಮಾಸಿದ ಸೊಗಸಿಗಾಗಿ ಹೊಸ ಪ್ಯಾಂಟನ್ನೇ ರಾಸಾಯನಿಕ ಹಾಕಿ ತೊಳೆಯುತ್ತಾರೆ. ಈ ನೀರನ್ನು ಶುದ್ಧಗೊಳಿಸದೆ ಹರಿಯಬಿಟ್ಟರೆ ಹಳ್ಳವೂ ಕೆಡುತ್ತದೆ, ಅಂತರ್ಜಲವೂ ಕೆಡುತ್ತದೆ. ಜನವಸತಿಯ ಓಣಿಗಳು ಇಂಥ ಕೆಲಸಕ್ಕೆ ತಕ್ಕ ಜಾಗವಲ್ಲ. ಅದಕ್ಕೆ ಊರ ಹೊರಗೆ ಮುಂಡರಗಿಯಂಥ ಕೈಗಾರಿಕಾ ಪ್ರದೇಶ ಬೇಕು.

ಆದರೆ ಹೊಲಿಗೆ ಮನೆಯೊಳಗೇ ಉಳಿಯಿತು. ಸಿರುಗುಪ್ಪ, ಕುರುಗೋಡಿನ ಕರಿನೆಲದಲ್ಲಿ ಹತ್ತಿ ಬೆಳೆಯುತ್ತದೆ. ಡೆನಿಮ್ ಮಾತ್ರ ಅಹಮದಾಬಾದಿನಂಥ ದೂರದ ಊರುಗಳ ಗಿರಣಿಗಳಿಂದ ಬರಬೇಕು. ನೂಲಿನ ಲಾಭ, ನೇಯ್ಗೆಯ ಲಾಭ ಬೇರೆಯವರದು. ಓಣಿಯ ಮನೆಗೆ ಸಿಗುವುದು ಹೊಲಿಗೆಯ ಕೂಲಿ, ಕಾಜಾ ಗುಂಡಿಯ ಕೂಲಿ, ಉಳಿದ ದಾರದ ತುದಿ ಕತ್ತರಿಸುವ ಕೂಲಿ. ಅದೂ ಪೀಸ್ ಲೆಕ್ಕದಲ್ಲಿ. ಕೈ ಹೆಚ್ಚಿದಷ್ಟೂ ಪೀಸು ಹೆಚ್ಚು. ಶಾಲೆಯಿಂದ ಬಂದ ಮಗುವಿನ ಕೈಗೆ ಕತ್ತರಿ ಬರುವುದು ಈ ಲೆಕ್ಕದಿಂದಲೇ ಹೊರತು ತಂದೆತಾಯಿಯರ ಕಲ್ಲೆದೆಯಿಂದಲ್ಲ.

ಕಾನೂನು ಏನನ್ನುತ್ತದೆ? ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗು, ಅಪಾಯಕರವಲ್ಲದ ಮನೆಗೆಲಸದಲ್ಲಿ ಅಥವಾ ಕುಟುಂಬದ ಕಸುಬಿನಲ್ಲಿ, ಶಾಲೆ ಮುಗಿದ ಮೇಲೋ ರಜೆಯಲ್ಲೋ ನೆರವಾಗಬಹುದು. ಇಷ್ಟು ಮಾತ್ರ ಹಲವರಿಗೆ ಗೊತ್ತು. 2017ರ ನಿಯಮಗಳು ಇನ್ನಷ್ಟು ಬಿಗಿ. ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಮಗು ಕೆಲಸ ಮಾಡಕೂಡದು. ದಿನಕ್ಕೆ 3 ಗಂಟೆ ಮೀರಕೂಡದು. ಕುಟುಂಬಕ್ಕೆ ಹಣ ತರುವ ತಯಾರಿಕೆಯ ಸರಪಳಿಯಲ್ಲಿ ಮಗುವನ್ನು ಕೊಂಡಿಯಾಗಿಸಲೂಕೂಡದು. ಅಂದರೆ ಅಪ್ಪನ ಪಕ್ಕ ಕುಳಿತು ಹೊಲಿಗೆ ನೋಡಿ ಕಲಿಯುವುದು ಬೇರೆ, ಕೂಲಿಗೆ ತಂದ ಗಂಟಿನ ದಾರ ಕತ್ತರಿಸುವುದು ಬೇರೆ.

ಕಸುಬು ಕೀಳೆಂದು ಇದರರ್ಥವಲ್ಲ. ಬಟ್ಟೆ ಪೋಲಾಗದಂತೆ ಅಚ್ಚು ಜೋಡಿಸುವ ಕಟಿಂಗ್ ಮಾಸ್ಟರ್ ದಿನವೂ ರೇಖಾಗಣಿತ ಮಾಡುತ್ತಾನೆ. ವಿದ್ಯಾರ್ಥಿಗಳು ಅವನಿಂದ ಕೋನ, ವಿಸ್ತೀರ್ಣ ಕಲಿಯಬಹುದು. ನೀಲಿಯ ಗುಣದಿಂದ ರಸಾಯನಶಾಸ್ತ್ರ ಕಲಿಯಬಹುದು. ಓದಿದ ಮಗಳು ಮುಂದೆ ಇದೇ ಊರಿನಲ್ಲಿ ನೀರು ಶುದ್ಧಗೊಳಿಸುವ ಎಂಜಿನಿಯರ್ ಆದರೆ ಓಣಿಗೆ ಅದಕ್ಕಿಂತ ದೊಡ್ಡ ಲಾಭವಿಲ್ಲ.

ಕಾರ್ಖಾನೆಯಲ್ಲಾದರೆ ಸಂಜೆ ಸೈರನ್ ಕೂಗುತ್ತದೆ. ಮನೆಯ ಯಂತ್ರಕ್ಕೆ ಸೈರನ್ ಇಲ್ಲ. ಅದನ್ನು ಮನೆಯವರೇ ಕೂಗಬೇಕು. ಪರೀಕ್ಷೆಯ ದಿನಗಳಲ್ಲಾದರೂ ಸಂಜೆ ಎರಡು ಗಂಟೆ ಯಂತ್ರ ನಿಲ್ಲಲಿ, ದೀಪ ಪುಸ್ತಕದ ಕಡೆ ತಿರುಗಲಿ. ಕೌಲ್ ಬಜಾರಿನ ಮನೆಗಳಲ್ಲಿ ತಂದೆತಾಯಿ ಮಕ್ಕಳೊಂದಿಗೆ ಮಾಡಿಕೊಳ್ಳಬೇಕಾದ ಕೌಲು ಇದು.