ಹಲ್ಲಿನ ಪಾದರಸ ಚರಂಡಿ ಸೇರದಿರಲಿ

ಮಕ್ಕಳೇ, ಮನೆಯಲ್ಲಿ ಹಿರಿಯರ ದವಡೆ ಹಲ್ಲಿನಲ್ಲಿ ಬೂದು ಬಣ್ಣದ ಫಿಲ್ಲಿಂಗ್ ನೋಡಿದ್ದೀರಾ? ಬೆಳ್ಳಿ ತುಂಬಿಸಿದ್ದು ಎನ್ನುತ್ತಾರೆ. ಆದರೆ ಅದರ ತೂಕದಲ್ಲಿ ಸುಮಾರು ಅರ್ಧ ಪಾದರಸ! ಉಳಿದದ್ದು ಬೆಳ್ಳಿ, ತವರ, ತಾಮ್ರಗಳ ಪುಡಿ. ಬೆರೆಸಿದಾಗ ಮೆತ್ತಗಿನ ಮುದ್ದೆ. ಕೆಲವೇ ನಿಮಿಷಗಳಲ್ಲಿ ಬಿಗಿಯತೊಡಗುತ್ತದೆ. ಇದೇ ಅಮಾಲ್ಗಂ. ಅಗ್ಗ, ಚಕ್ಕುಲಿ ಕಡಿದರೂ ಜಗ್ಗದಷ್ಟು ಗಟ್ಟಿ. ಆದರೆ ಹಲ್ಲಿಗೆ ತಾನಾಗಿ ಅಂಟದು. ಅದನ್ನು ಹಿಡಿದಿಡಲು ಚೆನ್ನಾಗಿರುವ ಹಲ್ಲನ್ನೂ ಸ್ವಲ್ಪ ಕೊರೆಯಬೇಕು.

ಬಾಯಲ್ಲಿ ಈಗಾಗಲೇ ಇದ್ದರೆ ಹೆದರಬೇಡಿ. ಅದರಿಂದ ಹೊರಡುವ ಪಾದರಸದ ಆವಿ ತೀರಾ ಕಡಿಮೆ. ಸುಮ್ಮನೆ ಕೊರೆದು ತೆಗೆಸಿದರೇ ಹೆಚ್ಚು ಆವಿ ಏಳುತ್ತದೆ. ನನ್ನ ತಕರಾರು ತೊಳೆದುಬಿಡುವ ಚೂರುಗಳ ಬಗ್ಗೆ. ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆಯ ಚರಂಡಿಗಳು ಸೇರುವುದು ವೃಷಭಾವತಿಯನ್ನು. ಅದು ಹರಿದು ಬೈರಮಂಗಲ ಕೆರೆಗೆ ಹೋಗುತ್ತದೆ. ಪಾದರಸ ಕೊಳೆತು ಮಾಯವಾಗುವ ವಸ್ತುವಲ್ಲ. ಕೆಸರಿನ ಬ್ಯಾಕ್ಟೀರಿಯಾಗಳು ಅದನ್ನು ಇನ್ನೂ ಘೋರ ವಿಷವಾಗಿಸಬಲ್ಲವು. ಆ ವಿಷ ಮೀನಿನ ಮೈಯಲ್ಲಿ ಸೇರುತ್ತದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆ ಬಿಟ್ಟ ಪಾದರಸದಿಂದ ಜನ ನರಳಿದ್ದು ಅಂಥ ಮೀನು ತಿಂದೇ. ಆ ಊರಿನ ಹೆಸರಿನ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. 15 ವರ್ಷದೊಳಗಿನವರಿಗೆ ಅಮಾಲ್ಗಂ ಬೇಡವೆಂದು ಅದರ ಸದಸ್ಯ ದೇಶಗಳು 2022ರಲ್ಲಿ ತೀರ್ಮಾನಿಸಿದವು.

ಹಾಲುಹಲ್ಲಿಗೆ ಗ್ಲಾಸ್ ಅಯೊನೊಮರ್ ಸಿಮೆಂಟ್ ಇದೆ. ಅಷ್ಟು ಗಟ್ಟಿಯಲ್ಲ, ನಿಜ. ಬೀಳುವ ಹಲ್ಲಿಗೆ ಅಷ್ಟು ಸಾಲದೇ? ದೊಡ್ಡವರಿಗೆ ಅಮಾಲ್ಗಂ ಹಾಕುವ ಪ್ರತಿ ಕ್ಲಿನಿಕ್ಕಿನ ಸಿಂಕಿಗೂ ಚೂರು ಹಿಡಿಯುವ ಜಾಲರಿ ಕಡ್ಡಾಯವಾಗಬೇಕು. ಮುಂದಿನ ಸಲ ಹೋದಾಗ ಕೇಳಿ: "ಡಾಕ್ಟ್ರೇ, ಉಳಿದ ಚೂರು ಎಲ್ಲಿಗೆ ಹಾಕ್ತೀರಿ?"