ಮಂಟಪಕ್ಕೆ ಕೋಟಿ, ಓದುವ ಮಗನಿಗೆ ಬಾಕಿ!

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟರೆ ವಿದ್ಯಾನಗರ ಹಾದಿಯಲ್ಲೇ ಸಿಗುತ್ತದೆ. ಅಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ವೈದ್ಯಕೀಯ ಕಾಲೇಜಿದೆ. ಇವು ಬೇಕು, ಬೇಕೇ ಬೇಕು. ಆದರೆ ಯಂತ್ರ ನಡೆಸುವ ವಿದ್ಯೆಗೆ ಮಾತ್ರ ಹಣ. ಯಂತ್ರದ ಮುಂದೆ ನಿಂತ ಮನುಷ್ಯನ ಭಾಷೆ, ಚರಿತ್ರೆ, ವಿಚಾರಗಳ ವಿದ್ಯೆಗೆ ಕತ್ತರಿ! ಗಿರಣಿಯ ಬಂಧುಗಳೇ, ಇದನ್ನು ನಾವು ಬಾಯಿಮುಚ್ಚಿಕೊಂಡು ನೋಡುತ್ತ ಕೂಡ್ರಬೇಕೆ?

ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮಾತನ್ನೇ ತೆಗೆದುಕೊಳ್ಳಿರಿ. 1991ರಲ್ಲಿ ಕನ್ನಡ ನಾಡು-ನುಡಿಗಳ ಸಂಶೋಧನೆಗೆಂದೇ ಹುಟ್ಟಿದ ಸಂಸ್ಥೆಯದು. ಅದರ ಮೊದಲ ಕುಲಪತಿ ಚಂದ್ರಶೇಖರ ಕಂಬಾರರು, ಘೋಡಗೇರಿಯ ಕಮ್ಮಾರ ಮನೆತನದವರು. 2019ರ ಜನೆವರಿಯಲ್ಲಿ ಧಾರವಾಡದಲ್ಲಿ 84ನೆಯ ಸಾಹಿತ್ಯ ಸಮ್ಮೇಳನ ಕೂಡಿದಾಗ ಅಧ್ಯಕ್ಷಪೀಠದಲ್ಲಿದ್ದವರು ಅವರೇ. ಮುಂದೆ ಎರಡೇ ವರ್ಷಕ್ಕೆ, 2021ರ ಆರಂಭದಲ್ಲಿ, ಅವರು ಕಟ್ಟಿದ ಆ ವಿಶ್ವವಿದ್ಯಾಲಯವನ್ನು ಉಳಿಸಿರೆಂದು ವಿದ್ಯಾರ್ಥಿಗಳೂ ಲೇಖಕರೂ ಕೂಗಬೇಕಾಯಿತು. ಸರಕಾರ ಅನುದಾನವನ್ನು ಕಡಿದಿತ್ತು. ದಲಿತ ಸಂಶೋಧಕರ ಶಿಷ್ಯವೇತನ ತಿಂಗಳುಗಟ್ಟಲೆ ಬಾಕಿ ಬಿದ್ದಿತ್ತು. ಮರುವರ್ಷದ ಮುಂಗಡಪತ್ರದಲ್ಲಾದರೋ, ಹಾವೇರಿಯ ಮೂರು ದಿನಗಳ ಸಮ್ಮೇಳನಕ್ಕೆ 20 ಕೋಟಿ ರೂಪಾಯಿ!

ಸಮ್ಮೇಳನ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಜನರ ಜಾತ್ರೆ, ನಡೆಯಲಿ. ಆದರೆ ಮೂರು ದಿನ ಓದುವುದಕ್ಕೆ ಉಳಿದ ದಿನ ಬರೆಯುವವರು ಬೇಕಲ್ಲವೆ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ಅಧಿಕಾರಿಗಳು ನಮ್ಮ ಮೇಲೆಯೇ ಬಿಡುತ್ತಾರೆ: ಬಡವರಿಗೆ ರೊಟ್ಟಿ ಮೊದಲು, ಸಾಹಿತ್ಯ ಆಮೇಲೆ ಎನ್ನುತ್ತಾರೆ. ಸ್ವಾಮಿ, ಮಲ್ಲಿಗೆ ನಿಮ್ಮ ವೇದಿಕೆಯ ಮೇಲಿದೆ; ನೀವು ಕಡಿದದ್ದು ಹಿಟ್ಟನ್ನು!

ಅನುದಾನ ಕಡಿದರೆ ಆಗುವುದೇನು? ದೀಪದ ಬಿಲ್ಲು ನಿಲ್ಲದು, ಸಿಬ್ಬಂದಿಯ ಸಂಬಳ ತಪ್ಪಿಸಲಾಗದು. ಮೊದಲು ನಿಲ್ಲುವುದು ವಿಚಾರಸಂಕಿರಣ. ಆಮೇಲೆ ಪುಸ್ತಕದ ಅಚ್ಚು. ಆಮೇಲೆ ಹಳ್ಳಿಯಿಂದ ಬರುವ ಹುಡುಗನ ಬಸ್ಸಿನ ಖರ್ಚು. ಕೈಯಲ್ಲಿ ಕಾಸಿದ್ದವನು ಹೇಗಾದರೂ ಬಂದಾನು. ನೇಕಾರನ ಮಗ ಮನೆಯಲ್ಲೇ ಉಳಿದಾನು. ಸಭೆ ನಿಲ್ಲದಿರಬಹುದು, ನಮ್ಮವರಿಲ್ಲದ ಸಭೆಯಾಗುತ್ತದೆ.

ಸಭೆಯೆಂದರೆ ಹರಟೆಯೆಂದು ತಿಳಿದವರು ಈ ನಾಡಿನ ಚರಿತ್ರೆಯನ್ನು ಓದಲಿ. 1890ರಲ್ಲಿ ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. 1924ರಲ್ಲಿ ಬೆಳಗಾವಿಯಲ್ಲಿ ಮೊದಲ ಏಕೀಕರಣ ಪರಿಷತ್ತು ಕೂಡಿದಾಗ ಅಧ್ಯಕ್ಷರು ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು. 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕುಳಿತಾಗ ಹುಬ್ಬಳ್ಳಿಯ ಜನ ಬೀದಿಗಿಳಿದರು. 1956ರಲ್ಲಿ ರಾಜ್ಯ ಒಂದಾಯಿತು. ಸಭೆಯಲ್ಲಿ ಹುಟ್ಟಿದ ರಾಜ್ಯದ ಸರಕಾರ ಇಂದು ಸಭೆಯ ಕತ್ತು ಹಿಚುಕುವುದೆ?

ಈ ರೋಗ ನಮ್ಮಲ್ಲಷ್ಟೇ ಇಲ್ಲ. 1965ರಲ್ಲಿ ಅಮೇರಿಕೆಯು ಸಾಹಿತ್ಯ, ಚರಿತ್ರೆ, ತತ್ತ್ವಜ್ಞಾನಗಳಿಗೆ ನೆರವಾಗಲೆಂದು ರಾಷ್ಟ್ರೀಯ ನಿಧಿಯೊಂದನ್ನು ಕಟ್ಟಿತು. 2025ರ ಎಪ್ರಿಲ್‌ನಲ್ಲಿ ಅಲ್ಲಿಯ ಸರಕಾರ ಅದರ ಸಾವಿರಕ್ಕೂ ಮಿಕ್ಕ ಅನುದಾನಗಳನ್ನು ಒಮ್ಮೆಲೇ ರದ್ದುಮಾಡಿತು. ಊರೂರಿನ ಗ್ರಂಥಾಲಯಗಳಲ್ಲಿ ಓದು-ಚರ್ಚೆ ನಡೆಸುತ್ತಿದ್ದ ಪ್ರಾಂತೀಯ ಮಂಡಳಿಗಳಿಗೂ ಪೆಟ್ಟು ಬಿತ್ತು. ಪ್ರಶ್ನೆ ಕೇಳುವ ಮನುಷ್ಯನೆಂದರೆ ಎಲ್ಲ ಕಡೆಯ ಆಳುವವರಿಗೂ ಅಂಜಿಕೆಯೇ.

ಶ್ರೀಮಂತರಿಂದ ದಾನ ಎತ್ತಿರೆಂದು ಕೆಲವರ ಉಪದೇಶ. ದಾನ ಕೊಟ್ಟ ಧಣಿ ಕೂಲಿಯ ಚರಿತ್ರೆಯನ್ನು ಬರೆಯಿಸುವನೆ? ಅನುದಾನ ಮಂತ್ರಿಗಳ ಮನೆಯ ಗಂಟಲ್ಲ. ಕಿರಾಣಿ ಅಂಗಡಿಯವನು ಮಾರುವ ಕಡ್ಡಿಪೆಟ್ಟಿಗೆಯ ಮೇಲೂ ತೆರಿಗೆಯಿದೆ. ಕೊಟ್ಟವರು ನಾವು; ಲೆಕ್ಕ ಕೇಳುವವರೂ ನಾವೇ.

ಆದುದರಿಂದ ನಮ್ಮ ಬೇಡಿಕೆಗಳಿವು: ಶಿಷ್ಯವೇತನ ಸಂಬಳದಂತೆ ತಿಂಗಳು ತಿಂಗಳು ಸಲ್ಲಬೇಕು. ಸಂಶೋಧನೆಯ ಅನುದಾನ ವರ್ಷದ ಮೊದಲಿಗೇ ಬಿಡುಗಡೆಯಾಗಬೇಕು. ಸಮ್ಮೇಳನದ ಪ್ರತಿ ಪೈಸೆಯ ಲೆಕ್ಕ ಜನರ ಮುಂದೆ ಬರಬೇಕು. ಮತ ಕೇಳಲು ಬಂದವರಿಗೆ, ಅವರು ಯಾವ ಪಕ್ಷದವರೇ ಇರಲಿ, ಓಣಿಯ ಬಾಯಿಯಲ್ಲೇ ನಿಲ್ಲಿಸಿ ಕೇಳಿರಿ: ಓದುವ ನಮ್ಮ ಮಕ್ಕಳ ಬಾಕಿ ಎಂದು ಕೊಡುತ್ತೀರಿ?